ಕುದಿಯುವ ನೀರಿಗೆ ಕೊಟ್ಟ ಶಾಖ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ಮಗಳಿಗೆ ದ್ರವ್ಯದ ಸ್ಥಿತಿಗಳ ಪಾಠ ಹೇಳಿಕೊಡುವಾಗ ನಾನೇ ಗೊಂದಲಕ್ಕೆ ಬಿದ್ದೆ. ಶಾಖ ಕೊಟ್ಟರೆ ತಾಪಮಾನ ಏರುತ್ತದೆ, ತಾಪಮಾನ ಏರಿದರೆ ಘನವು ದ್ರವವಾಗುತ್ತದೆ, ದ್ರವವು ಅನಿಲವಾಗುತ್ತದೆ ಎಂದು ಪುಸ್ತಕದಲ್ಲಿದೆ. ಆದರೆ ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಇಟ್ಟರೆ, ಉರಿ ಎಷ್ಟೇ ಹೆಚ್ಚಿಸಿದರೂ ಅದು 100 ಡಿಗ್ರಿಯ ಬಳಿಯೇ ನಿಂತುಬಿಡುತ್ತದೆ. ಹಾಗಾದರೆ ಕೊಟ್ಟ ಶಾಖ ಎಲ್ಲಿಗೆ ಹೋಯಿತು? ನೀರು ಆವಿಯಾಗಲು 100 ಡಿಗ್ರಿ ಬೇಕೆಂದಾದರೆ ಹಗ್ಗದ ಮೇಲಿನ ಒದ್ದೆ ಬಟ್ಟೆ ಒಣಗುವುದು ಹೇಗೆ? ಕಪಾಟಿನಲ್ಲಿಟ್ಟ ನುಸಿಗುಳಿಗೆ ನಡುವೆ ದ್ರವವೇ ಆಗದೆ ಸವೆದು ಮಾಯವಾಗುವುದೇಕೆ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳಿಗೆ ಬೇರು ಒಂದೇ ಕಡೆ ಇದೆ. ಶಾಖ, ತಾಪಮಾನ ಎಂಬ ಎರಡು ಪದಗಳನ್ನು ದಿನಬಳಕೆಯ ಮಾತಿನಲ್ಲಿ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಮಾತನಾಡುತ್ತೇವೆ. ಭೌತವಿಜ್ಞಾನದಲ್ಲಿ ಅವು ಬೇರೆ ಬೇರೆ. ಶಾಖವೆಂದರೆ ಬಿಸಿಯಾದ ವಸ್ತುವಿನಿಂದ ತಣ್ಣಗಿರುವ ವಸ್ತುವಿಗೆ ಹರಿಯುವ ಶಕ್ತಿ. ಅದರ ಮಾನ ಜೂಲ್. ತಾಪಮಾನವೆಂದರೆ ವಸ್ತುವಿನೊಳಗಿನ ಕಣಗಳ ಅಡ್ಡಾದಿಡ್ಡಿ ಚಲನೆಯ ಶಕ್ತಿ ಸರಾಸರಿ ಎಷ್ಟಿದೆ ಎಂಬುದನ್ನು ತೋರಿಸುವ ಅಳತೆ. ಒಳಗೆ ಬಂದ ಶಾಖವೆಲ್ಲವೂ ಈ ಚಲನೆಯನ್ನು ಹೆಚ್ಚಿಸಲಿಕ್ಕೇ ವೆಚ್ಚವಾಗಬೇಕು ಎಂಬ ನಿಯಮವಿಲ್ಲ. ಆ ಶಕ್ತಿಗೆ ಇನ್ನೊಂದು ಕೆಲಸವೂ ಇದೆ, ಮತ್ತು ಸ್ಥಿತಿ ಬದಲಾಗುವ ಹೊತ್ತಿನಲ್ಲಿ ಆ ಎರಡನೆಯ ಕೆಲಸವೇ ಮುಖ್ಯವಾಗುತ್ತದೆ.

ಆ ಕೆಲಸ ಯಾವುದೆಂದು ತಿಳಿಯಲು ಕಣಗಳ ಮಟ್ಟಕ್ಕೆ ಇಳಿದು ನೋಡಬೇಕು. ಎಲ್ಲ ವಸ್ತುಗಳ ಅಣುಗಳೂ ಪರಸ್ಪರ ಸೆಳೆಯುತ್ತವೆ. ಅದೇ ವೇಳೆಗೆ, ಎಡೆಬಿಡದೆ ಅಲುಗಾಡುತ್ತಲೂ ಇರುತ್ತವೆ. ಸೆಳೆತ ಅವುಗಳನ್ನು ಒಟ್ಟಿಗೆ ಹಿಡಿದಿಡಲು ನೋಡುತ್ತದೆ, ಅಲುಗಾಟ ಚದುರಿಸಲು ನೋಡುತ್ತದೆ. ಸೆಳೆತದ ಕೈ ಮೇಲಾದಾಗ ಪ್ರತಿ ಅಣುವೂ ತನ್ನ ಜಾಗದಲ್ಲೇ ಕಂಪಿಸುತ್ತ ಉಳಿಯುತ್ತದೆ, ಅದು ಘನ. ಅಲುಗಾಟ ಹೆಚ್ಚಿದಂತೆ ಅಣುಗಳು ಜಾಗ ಬಿಟ್ಟು ಒಂದರ ಪಕ್ಕದಿಂದ ಇನ್ನೊಂದು ನುಸುಳಲು ಶಕ್ತವಾಗುತ್ತವೆ; ಆದರೂ ನೆರೆಯ ಅಣುಗಳ ಸಂಗ ಬಿಡುವುದಿಲ್ಲ, ಅದು ದ್ರವ. ಸೆಳೆತವನ್ನು ಪೂರ್ತಿಯಾಗಿ ಮೀರಿ, ಒಂದಕ್ಕೊಂದು ಡಿಕ್ಕಿ ಹೊಡೆಯುವಾಗ ಮಾತ್ರ ಭೇಟಿಯಾಗುವಷ್ಟು ದೂರ ದೂರ ಹೋದಾಗ ಅದು ಅನಿಲ. ಸೆಳೆತದ ಬಲ ಒಂದೊಂದು ವಸ್ತುವಿನಲ್ಲಿ ಒಂದೊಂದು ಬಗೆ. ಆದ್ದರಿಂದಲೇ ಪಾದರಸ ಮೈನಸ್ 39 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಿದರೆ ಕಬ್ಬಿಣಕ್ಕೆ 1,538 ಡಿಗ್ರಿ ಬೇಕು, ಟಂಗ್‌ಸ್ಟನ್‌ಗೆ 3,422 ಡಿಗ್ರಿ ಬೇಕು. ಹೀಲಿಯಂ ಪರಮಾಣುಗಳ ನಡುವಿನ ಸೆಳೆತವಂತೂ ಅದೆಷ್ಟು ಕ್ಷೀಣವೆಂದರೆ, ಅದನ್ನು ದ್ರವವಾಗಿಸಲು ಮೈನಸ್ 269 ಡಿಗ್ರಿಯವರೆಗೆ ತಣಿಸಬೇಕಾಯಿತು. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಭೌತವಿಜ್ಞಾನಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅದನ್ನು ಸಾಧಿಸಿದ್ದು 1908ರಲ್ಲಿ.

ಈಗ ನಿಮ್ಮ ಮೊದಲ ಪ್ರಶ್ನೆ. 0 ಡಿಗ್ರಿಯ ಮಂಜುಗಡ್ಡೆಗೆ ಶಾಖ ಕೊಟ್ಟಾಗ ಆ ಶಕ್ತಿಯು ಅಣುಗಳ ನಡುವಿನ ಬಿಗಿಯಾದ ಜೋಡಣೆಯನ್ನು ಸಡಿಲಿಸಲು ವೆಚ್ಚವಾಗುತ್ತದೆ. ಕಲ್ಲನ್ನು ನೆಲದಿಂದ ಎತ್ತಿ ಅಟ್ಟದ ಮೇಲಿಟ್ಟರೆ ನಾವು ಹಾಕಿದ ಶ್ರಮ ಕಲ್ಲಿನ ವೇಗವಾಗಿ ಕಾಣುವುದಿಲ್ಲ. ಅದು ಎತ್ತರದ ರೂಪದಲ್ಲಿ, ಪ್ರಚ್ಛನ್ನ ಶಕ್ತಿಯಾಗಿ ಉಳಿಯುತ್ತದೆ. ಅಣುಗಳನ್ನು ಅವುಗಳ ಪರಸ್ಪರ ಸೆಳೆತಕ್ಕೆ ಎದುರಾಗಿ ದೂರ ಸರಿಸುವುದೂ ಇಂಥದೇ ಎತ್ತುವ ಕೆಲಸ. ಥರ್ಮಾಮೀಟರಿಗೆ ಕಾಣುವುದು ಚಲನೆಯೇ ಹೊರತು ಅಣುಗಳ ನಡುವಿನ ಈ ಪ್ರಚ್ಛನ್ನ ಶಕ್ತಿಯಲ್ಲ. 100 ಡಿಗ್ರಿಯ ನೀರಿನಲ್ಲೂ 100 ಡಿಗ್ರಿಯ ಹಬೆಯಲ್ಲೂ ಅಣುಗಳ ಸರಾಸರಿ ಚಲನ ಶಕ್ತಿ ಒಂದೇ ಆಗಿರುತ್ತದೆ ಎಂಬುದನ್ನು ದಯವಿಟ್ಟು ಮಗಳಿಗೆ ಒತ್ತಿ ಹೇಳಿ. ಹಬೆಯ ಅಣುಗಳು ಹೆಚ್ಚು ಬಿರುಸಾಗಿವೆ ಎಂದು ಬಹುತೇಕ ವಿದ್ಯಾರ್ಥಿಗಳು ಊಹಿಸುತ್ತಾರೆ. ಈ ಒಂದು ಊಹೆಯಿಂದಲೇ ಇಡೀ ಪಾಠ ಗೋಜಲಾಗುತ್ತದೆ. ಹಬೆಯ ಅಣುಗಳು ಬಿಡಿಬಿಡಿಯಾಗಿವೆ, ವ್ಯತ್ಯಾಸ ಇರುವುದು ಅಲ್ಲಿ.

ಹೀಗೆ ತಾಪಮಾನದಲ್ಲಿ ಕಾಣಿಸಿಕೊಳ್ಳದೆ ಸ್ಥಿತಿಯ ಬದಲಾವಣೆಗೆ ವೆಚ್ಚವಾಗುವ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಇದರ ಗಾತ್ರ ಎಷ್ಟು ದೊಡ್ಡದು ಎಂಬುದು ಲೆಕ್ಕ ಹಾಕಿ ನೋಡಿದಾಗಲೇ ಮನಸ್ಸಿಗೆ ನಾಟುತ್ತದೆ. ಒಂದು ಕಿಲೋಗ್ರಾಂ ಮಂಜುಗಡ್ಡೆ ಮೈನಸ್ 20 ಡಿಗ್ರಿಯಲ್ಲಿದೆ, ಅದಕ್ಕೆ 1,000 ವ್ಯಾಟ್‌ನ ಹೀಟರ್ ಸ್ವಲ್ಪವೂ ಸೋರಿಕೆಯಿಲ್ಲದೆ ಶಾಖ ಕೊಡುತ್ತಿದೆ ಎಂದು ಇಟ್ಟುಕೊಳ್ಳಿ. ಅಂದರೆ ಪ್ರತಿ ಸೆಕೆಂಡಿಗೆ ಒಂದು ಕಿಲೋಜೂಲ್. ಮಂಜುಗಡ್ಡೆ 0 ಡಿಗ್ರಿಗೆ ಏರಲು 42 ಸೆಕೆಂಡು ಸಾಕು. ಅಲ್ಲಿಂದ ಅದು ಪೂರ್ತಿ ಕರಗಲು 334 ಸೆಕೆಂಡು, ಅಂದರೆ ಐದೂವರೆ ನಿಮಿಷ ಬೇಕು, ಅಷ್ಟು ಹೊತ್ತೂ ಥರ್ಮಾಮೀಟರ್ 0 ಬಿಟ್ಟು ಕದಲುವುದಿಲ್ಲ. ಆ ನೀರು 0 ಡಿಗ್ರಿಯಿಂದ 100 ಡಿಗ್ರಿಗೆ ಬರಲು ಸುಮಾರು 7 ನಿಮಿಷ. ಆಮೇಲೆ ಅದೆಲ್ಲ ಹಬೆಯಾಗಲು 2,257 ಸೆಕೆಂಡು, ಹೆಚ್ಚು ಕಡಿಮೆ 38 ನಿಮಿಷ! ಒಟ್ಟು 51 ನಿಮಿಷಗಳಲ್ಲಿ 43 ನಿಮಿಷ ಶಾಖ ಒಳಗೆ ಹೋಗುತ್ತಲೇ ಇದ್ದರೂ ತಾಪಮಾನ ಅಲುಗಾಡಿರುವುದಿಲ್ಲ. ನೀವು ಉರಿಯನ್ನು ಹೆಚ್ಚಿಸಿದಾಗ ಆಗುವುದು ಇಷ್ಟೇ: ಪ್ರತಿ ಸೆಕೆಂಡಿಗೆ ಹೆಚ್ಚು ಅಣುಗಳು ಬಿಡುಗಡೆಯಾಗುತ್ತವೆ, ನೀರು ಬೇಗ ಬತ್ತುತ್ತದೆ. ಉಳಿದ ನೀರು ಮೊದಲಿಗಿಂತ ಬಿಸಿಯಾಗುವುದಿಲ್ಲ.

ಕರಗಲು 334, ಕುದಿದು ಹೋಗಲು 2,257: ಈ ಅಂತರ ಏಕೆ ಎಂದು ಮಗಳು ಕೇಳಬಹುದು, ಕೇಳಬೇಕು ಕೂಡ. ಕರಗುವಾಗ ಅಣುಗಳ ಸಾಲುಕಟ್ಟು ಮಾತ್ರ ಮುರಿಯುತ್ತದೆ. ನೀರಿನ ಅಣುಗಳನ್ನು ಒಂದಕ್ಕೊಂದು ಕೂಡಿಸುವ ಹೈಡ್ರೋಜನ್ ಬಂಧಗಳಲ್ಲಿ ಹೆಚ್ಚಿನವು ದ್ರವರೂಪದಲ್ಲೂ ಕಡಿಯುತ್ತ, ಮತ್ತೆ ಕೂಡುತ್ತ ಇದ್ದೇ ಇರುತ್ತವೆ. ಆವಿಯಾಗುವಾಗ ಪ್ರತಿಯೊಂದು ಅಣುವೂ ತನ್ನ ಎಲ್ಲ ನೆರೆಯವರಿಂದಲೂ ಬಿಡಿಸಿಕೊಳ್ಳಬೇಕು. ಅಷ್ಟೇ ಅಲ್ಲ, ಒಂದು ಲೀಟರಿನಷ್ಟು ನೀರು ಹಬೆಯಾದಾಗ ಸುಮಾರು 1,600 ಲೀಟರಿನಷ್ಟು ಜಾಗ ಹಿಡಿಯುತ್ತದೆ, ಅಷ್ಟು ಜಾಗ ಮಾಡಿಕೊಳ್ಳಲು ಸುತ್ತಲಿನ ಗಾಳಿಯನ್ನು ಹೊರಗೆ ತಳ್ಳಬೇಕು. ಈ ತಳ್ಳುವ ಕೆಲಸಕ್ಕೇ 2,257 ಕಿಲೋಜೂಲ್‌ಗಳಲ್ಲಿ ಸುಮಾರು 170 ಕಿಲೋಜೂಲ್ ಹೋಗುತ್ತದೆ. ಉಗಿಯಂತ್ರಗಳಲ್ಲಿ ಪಿಸ್ಟನ್ನನ್ನು ನೂಕಿದ್ದು ಹಬೆಯ ಈ ಹಿಗ್ಗುವ ಗುಣವೇ.

ಈ ಸಂಗತಿಯನ್ನು ಮೊದಲು ಅಳೆದು ತೋರಿಸಿದವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವರ ಪ್ರಯೋಗದ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ, ಏಕೆಂದರೆ ಅದರಲ್ಲಿ ಕಷ್ಟದ ಸಲಕರಣೆ ಯಾವುದೂ ಇಲ್ಲ. ಕರಗುವ ಬಿಂದುವಿಗೆ ಬಂದ ಮಂಜುಗಡ್ಡೆಗೆ ಇನ್ನೊಂದಿಷ್ಟು ಶಾಖ ಸಿಕ್ಕರೆ ಸಾಕು, ಅದು ಪೂರ್ತಿ ಕರಗಿಬಿಡುತ್ತದೆ ಎಂದು ಆ ಕಾಲದಲ್ಲಿ ನಂಬಿದ್ದರು. ಹಾಗಿದ್ದರೆ ವಸಂತದ ಮೊದಲ ಬಿಸಿಲಿಗೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ನೀರಾಗಿ ಭೀಕರ ಪ್ರವಾಹ ಬರಬೇಕಿತ್ತಲ್ಲ ಎಂದು ಬ್ಲ್ಯಾಕ್ ಯೋಚಿಸಿದರು. ಒಂದೇ ಬಗೆಯ ಎರಡು ಗಾಜಿನ ಪಾತ್ರೆಗಳಲ್ಲಿ ಸಮತೂಕದ ನೀರು ತೆಗೆದುಕೊಂಡು, ಒಂದನ್ನು ಹೆಪ್ಪುಗಟ್ಟಿಸಿ, ಇನ್ನೊಂದನ್ನು ಹೆಪ್ಪುಗಟ್ಟುವ ಅಂಚಿನವರೆಗೆ ಮಾತ್ರ ತಣಿಸಿ, ಎರಡನ್ನೂ ಒಂದು ದೊಡ್ಡ ಕೊಠಡಿಯಲ್ಲಿ ತೂಗುಹಾಕಿದರು. ನೀರಿನ ಪಾತ್ರೆ ಅರ್ಧ ಗಂಟೆಯಲ್ಲಿ 7 ಡಿಗ್ರಿ ಫ್ಯಾರನ್‌ಹೀಟ್ ಏರಿ 40ಕ್ಕೆ ಬಂತು. ಮಂಜುಗಡ್ಡೆಯ ಪಾತ್ರೆ ಅದೇ 40 ಡಿಗ್ರಿಯನ್ನು ಮುಟ್ಟಲು ಹತ್ತೂವರೆ ಗಂಟೆ, ಅಂದರೆ 21 ಪಟ್ಟು ಸಮಯ ತೆಗೆದುಕೊಂಡಿತು. ಒಂದೇ ಕೊಠಡಿಯಿಂದ ಎರಡಕ್ಕೂ ಒಂದೇ ಗತಿಯಲ್ಲಿ ಶಾಖ ಬರುತ್ತಿತ್ತು ಎಂದು ಹಿಡಿದು ಲೆಕ್ಕ ಹಾಕಿದರೆ, ಮಂಜುಗಡ್ಡೆಯನ್ನು ಬರಿದೇ ಕರಗಿಸಲು ಬೇಕಾದ ಶಾಖವು ಅಷ್ಟೇ ನೀರನ್ನು ಸುಮಾರು 77 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಬಲ್ಲದು ಎಂದು ಬರುತ್ತದೆ. ಇಂದಿನ ನಿಖರ ಉಪಕರಣಗಳು ಕೊಡುವ ಉತ್ತರ 80. ಎರಡು ಪಾತ್ರೆ, ಒಂದು ಥರ್ಮಾಮೀಟರ್ ಮತ್ತು ತಾಳ್ಮೆ ಇಷ್ಟು ಹತ್ತಿರದ ಉತ್ತರವನ್ನು ಕೊಟ್ಟಿದ್ದವು.

ಹೀಗೆ ಒಳಸೇರಿದ ಶಾಖ ನಾಶವಾಗುವುದಿಲ್ಲ, ಸ್ಥಿತಿ ಹಿಂದಕ್ಕೆ ತಿರುಗಿದಾಗ ಅಷ್ಟೂ ಹೊರಬರುತ್ತದೆ. ಹಬೆಯಿಂದಾಗುವ ಸುಟ್ಟಗಾಯ ಏಕೆ ಅಷ್ಟು ಗಂಭೀರ ಎಂಬುದಕ್ಕೆ ಕಾರಣ ಇಲ್ಲಿದೆ. 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮಕ್ಕೆ ಬಿದ್ದು 37 ಡಿಗ್ರಿಗೆ ತಣಿಯುವಾಗ ಸುಮಾರು 260 ಜೂಲ್ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಅದೇ 100 ಡಿಗ್ರಿಯ ಒಂದು ಗ್ರಾಂ ಹಬೆ ಚರ್ಮದ ಮೇಲೆ ಮೊದಲು ನೀರಾಗುತ್ತ 2,257 ಜೂಲ್‌ಗಳನ್ನೂ, ಆಮೇಲೆ ಆ 260 ಜೂಲ್‌ಗಳನ್ನೂ ಬಿಡುತ್ತದೆ. ತಾಪಮಾನ ಒಂದೇ, ಶಾಖ ಹೆಚ್ಚು ಕಡಿಮೆ ಹತ್ತು ಪಟ್ಟು. ಮೋಡ ಕಟ್ಟುವಾಗ ನೀರಾವಿ ಹನಿಯಾಗುತ್ತ ಬಿಡುವ ಗುಪ್ತೋಷ್ಣವೇ ಸುತ್ತಲಿನ ಗಾಳಿಯನ್ನು ಬಿಸಿಮಾಡಿ ಮೇಲಕ್ಕೆ ಏರಿಸುತ್ತದೆ, ಗುಡುಗುಮೋಡಗಳಿಗೂ ಚಂಡಮಾರುತಗಳಿಗೂ ಕಸುವು ಒದಗುವುದು ಅಲ್ಲಿಂದಲೇ.

ಎರಡನೆಯ ಪ್ರಶ್ನೆಗೆ ಬರೋಣ. ಒದ್ದೆ ಬಟ್ಟೆ ಒಣಗುವುದರಲ್ಲಿ ಒಗಟು ಕಾಣುವುದು, ಆವಿಯಾಗುವುದನ್ನೂ ಕುದಿಯುವುದನ್ನೂ ಒಂದೇ ಎಂದು ತಿಳಿದಾಗ. ತಾಪಮಾನ ಸರಾಸರಿಯನ್ನು ಹೇಳುತ್ತದೆ ಎಂದೆನಲ್ಲ, ಆ ಸರಾಸರಿ ಎಂಬ ಮಾತಿನಲ್ಲೇ ಉತ್ತರ ಅಡಗಿದೆ. 25 ಡಿಗ್ರಿಯ ನೀರಿನಲ್ಲಿ ಎಲ್ಲ ಅಣುಗಳೂ ಒಂದೇ ಬಿರುಸಿನಲ್ಲಿ ಇರುವುದಿಲ್ಲ. ಕೆಲವು ಬಹಳ ನಿಧಾನ, ಹೆಚ್ಚಿನವು ನಡುಮಟ್ಟದವು, ಒಂದು ಚಿಕ್ಕ ಪಾಲು ಮಾತ್ರ ನೆರೆಹೊರೆಯ ಡಿಕ್ಕಿಗಳಿಂದ ಆ ಗಳಿಗೆಯಲ್ಲಿ ಅಸಾಧಾರಣ ಶಕ್ತಿ ಪಡೆದಿರುತ್ತದೆ. ಅಂಥ ಅಣುವೊಂದು ಮೇಲ್ಮೈಯಲ್ಲಿದ್ದು, ಹೊರಮುಖವಾಗಿ ಹೊರಟಿದ್ದರೆ, ಸೆಳೆತವನ್ನು ಹರಿದುಕೊಂಡು ಗಾಳಿಗೆ ಸೇರಿಬಿಡುತ್ತದೆ. ಇದು ಯಾವ ತಾಪಮಾನದಲ್ಲೂ, ಪ್ರತಿ ಗಳಿಗೆಯೂ ನಡೆಯುತ್ತಿರುವ ಕ್ರಿಯೆ. ಬಟ್ಟೆ ಹರಡಿದಷ್ಟೂ ಮೇಲ್ಮೈ ಹೆಚ್ಚು, ಆದ್ದರಿಂದ ಬೇಗ ಒಣಗುತ್ತದೆ. ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿದ್ದರೆ, ಹೊರಹೋದಷ್ಟೇ ಅಣುಗಳು ಬಟ್ಟೆಗೆ ಮರಳುತ್ತಿರುತ್ತವೆ, ಆಗ ಬಿಸಿಲಿದ್ದರೂ ಬಟ್ಟೆ ಹಸಿಯಾಗಿಯೇ ಉಳಿಯಬಹುದು. ಬೀಸುವ ಗಾಳಿ ಆ ಆವಿಯನ್ನು ಒಯ್ದು ಮರಳುವವುಗಳ ಸಂಖ್ಯೆಯನ್ನು ತಗ್ಗಿಸುತ್ತದೆ.

ಇಲ್ಲಿ ಇನ್ನೊಂದು ಪರಿಣಾಮವಿದೆ. ಹೆಚ್ಚು ಶಕ್ತಿಯುಳ್ಳ ಅಣುಗಳೇ ಆಯ್ದುಕೊಂಡಂತೆ ಹೊರಟುಹೋದರೆ ಉಳಿದವುಗಳ ಸರಾಸರಿ ಇಳಿಯುತ್ತದೆ. ಸರಾಸರಿ ಇಳಿದರೆ ತಾಪಮಾನ ಇಳಿದಂತೆಯೇ. ಬೆವರು ಮೈಯನ್ನು ತಂಪಾಗಿಸುವುದು ಹೀಗೆ: ಚರ್ಮದ ಮೇಲೆ ಆವಿಯಾಗುವ ಪ್ರತಿ ಗ್ರಾಂ ಬೆವರು ಸುಮಾರು 2,400 ಜೂಲ್ ಶಾಖವನ್ನು ಜೊತೆಗೆ ಕೊಂಡೊಯ್ಯುತ್ತದೆ. ಕುದಿಯುವಾಗ ಬೇಕಾದ 2,257ಕ್ಕಿಂತ ಇದು ತುಸು ಹೆಚ್ಚೇ ಆಗಿರುವುದನ್ನು ಗಮನಿಸಿ. ತಣ್ಣಗಿನ ನೀರಿನಲ್ಲಿ ಅಣುಗಳ ಬೆಸುಗೆ ಇನ್ನಷ್ಟು ಬಿಗಿಯಾಗಿರುವುದರಿಂದ ಬಿಡಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ.

ಹಾಗಾದರೆ ಕುದಿಯುವುದು ಎಂದರೇನು? ಆವಿಯಾಗುವುದು ಮೇಲ್ಮೈಯ ಕ್ರಿಯೆಯಾದರೆ ಕುದಿಯುವುದು ದ್ರವದ ಒಡಲಿನೊಳಗಿನ ಕ್ರಿಯೆ. ನೀರಿನ ಆಳದಲ್ಲಿ ಆವಿಯ ಒಂದು ಗುಳ್ಳೆ ಹುಟ್ಟಿತೆಂದು ಭಾವಿಸಿ. ಅದರೊಳಗಿನ ಆವಿಯ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕಡಿಮೆಯಿದ್ದರೆ ಗುಳ್ಳೆ ಹುಟ್ಟಿದಲ್ಲೇ ನಜ್ಜುಗುಜ್ಜಾಗುತ್ತದೆ. 25 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಕೇವಲ 3.2 ಕಿಲೋಪಾಸ್ಕಲ್, ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 101.3 ಕಿಲೋಪಾಸ್ಕಲ್. ಬಿಸಿಯೇರಿದಂತೆ ಮೊದಲನೆಯದು ವೇಗವಾಗಿ ಹೆಚ್ಚುತ್ತ ಹೋಗಿ 100 ಡಿಗ್ರಿಯಲ್ಲಿ ಎರಡನೆಯದಕ್ಕೆ ಸರಿಸಮವಾಗುತ್ತದೆ. ಆಗ ಗುಳ್ಳೆಗಳು ಉಳಿದು, ಬೆಳೆದು, ಮೇಲೇರಿ ಒಡೆಯುತ್ತವೆ. ಕುದಿಯುವ ನೀರಿನ ಗುಳ್ಳೆಗಳಲ್ಲಿ ಏನಿದೆ ಎಂದು ಕೇಳಿದಾಗ ಗಾಳಿ ಎಂದೋ, ಜಲಜನಕ ಮತ್ತು ಆಮ್ಲಜನಕ ಎಂದೋ ಹೇಳಿದ ವಿದ್ಯಾರ್ಥಿಗಳನ್ನು ನಾನು ಪಾಠ ಹೇಳಿದ ವರ್ಷಗಳುದ್ದಕ್ಕೂ ಕಂಡಿದ್ದೇನೆ. ಬಿಸಿಮಾಡಲು ತೊಡಗಿದಾಗ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಚಿಕ್ಕ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವು, ನಿಜ. ಕುದಿಯುವಾಗಿನ ದೊಡ್ಡ ಗುಳ್ಳೆಗಳಲ್ಲಿ ಇರುವುದು ನೀರೇ, ಅನಿಲರೂಪದ ನೀರು. ನೀರಿನ ಅಣು ಆಗಲೂ ಇಡಿಯಾಗಿಯೇ ಇರುತ್ತದೆ. ಅಣುಗಳ ನಡುವಿನ ನಂಟು ಮಾತ್ರ ಕಡಿದಿರುತ್ತದೆ.

ಈ ವಿವರಣೆಯಿಂದ 100 ಡಿಗ್ರಿ ಎಂಬುದು ನೀರಿಗೆ ಹುಟ್ಟಿನಿಂದ ಅಂಟಿಕೊಂಡ ಸಂಖ್ಯೆಯಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹೊರಗಿನ ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯಲೇಬೇಕು. 8,849 ಮೀಟರ್ ಎತ್ತರದ ಎವರೆಸ್ಟ್ ಶಿಖರದಲ್ಲಿ ಒತ್ತಡ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟಿದ್ದು, ಅಲ್ಲಿ ನೀರು ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಶುದ್ಧಗೊಳಿಸುವ ಆಟೋಕ್ಲೇವ್‌ನಲ್ಲಿ ಒತ್ತಡವನ್ನು ವಾತಾವರಣದ ಸುಮಾರು ಎರಡು ಪಟ್ಟಿಗೆ ಏರಿಸುವುದರಿಂದ 121 ಡಿಗ್ರಿಯ ಹಬೆ ದೊರೆಯುತ್ತದೆ. ಬರಿಯ ಕುದಿನೀರಿಗೆ ಜಗ್ಗದ ಜೀವಾಣುಗಳ ಬೀಜಕಗಳು ಅದಕ್ಕೆ ಸಾಯುತ್ತವೆ. ಪ್ರೆಷರ್ ಕುಕ್ಕರಿನ ತತ್ತ್ವವೂ ಇದೇ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತಾಪಮಾನದ ತಮ್ಮ ಮಾನವನ್ನು ಮಂಡಿಸುವಾಗಲೇ ಕುದಿಯುವ ಬಿಂದು ವಾತಾವರಣದ ಒತ್ತಡದೊಂದಿಗೆ ಬದಲಾಗುತ್ತದೆ ಎಂಬುದನ್ನು ಗಮನಕ್ಕೆ ತೆಗೆದುಕೊಂಡಿದ್ದರು. ಅವರ ಮೂಲ ಮಾನದಲ್ಲಿ ಕುದಿಯುವುದು 0, ಹೆಪ್ಪುಗಟ್ಟುವುದು 100 ಆಗಿತ್ತು. ಅದನ್ನು ತಿರುಗಿಸಿದ್ದು ಆಮೇಲೆ.

ಸಾಧ್ಯವಾದರೆ ಮಗಳಿಗೆ ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ದೃಶ್ಯವನ್ನು ತೋರಿಸಲು ಶಿಕ್ಷಕರನ್ನು ಕೇಳಿಕೊಳ್ಳಿ. ಗಂಟೆಯಾಕಾರದ ಗಾಜಿನ ಮುಚ್ಚಳದೊಳಗೆ ತಣ್ಣೀರಿನ ಚಿಕ್ಕ ಬಟ್ಟಲಿಟ್ಟು ಪಂಪಿನಿಂದ ಗಾಳಿಯನ್ನು ಎಳೆಯುತ್ತ ಹೋದರೆ, ಉರಿಯೇ ಇಲ್ಲದೆ ನೀರು ಕುದಿಯತೊಡಗುತ್ತದೆ. ಹೊರಗಿನಿಂದ ಶಾಖ ಸಿಗದ ಕಾರಣ ಆವಿಯಾಗಲು ಬೇಕಾದ ಶಕ್ತಿಯನ್ನು ನೀರು ತನ್ನಿಂದಲೇ ತೆಗೆದುಕೊಳ್ಳುತ್ತದೆ, ತೆಗೆದುಕೊಂಡಂತೆಲ್ಲ ತಣ್ಣಗಾಗುತ್ತದೆ. ಪಂಪು ಚೆನ್ನಾಗಿದ್ದರೆ ಕುದಿಯುತ್ತಿರುವ ಆ ನೀರೇ ಕಣ್ಣೆದುರಿಗೆ ಹೆಪ್ಪುಗಟ್ಟುತ್ತದೆ. ಒಂದೇ ಬಟ್ಟಲಿನಲ್ಲಿ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಸಮತೋಲದಲ್ಲಿ ನಿಲ್ಲಬಲ್ಲ ಸ್ಥಿತಿಯನ್ನು ತ್ರಿಕಬಿಂದು ಎನ್ನುತ್ತಾರೆ. ನೀರಿಗೆ ಅದು 0.01 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 612 ಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಸಾವಿರದಲ್ಲಿ ಆರು ಪಾಲು. ಇದು ಎಲ್ಲಿ ಮಾಡಿ ನೋಡಿದರೂ ಬದಲಾಗದ ಬಿಂದುವಾದ್ದರಿಂದ 1954ರಿಂದ 2019ರವರೆಗೆ ತಾಪಮಾನದ ಮಾನವಾದ ಕೆಲ್ವಿನ್ನನ್ನು ಇದರ ಆಧಾರದ ಮೇಲೆಯೇ ವ್ಯಾಖ್ಯಾನಿಸಿದ್ದರು.

ಒತ್ತಡವು ಕುದಿಯುವ ಬಿಂದುವನ್ನು ಇಷ್ಟೊಂದು ಅಲುಗಾಡಿಸಿದರೂ ಕರಗುವ ಬಿಂದುವನ್ನು ಬಹಳ ಕಡಿಮೆ ಮುಟ್ಟುತ್ತದೆ, ಏಕೆಂದರೆ ಕರಗುವಾಗ ಗಾತ್ರ ಹೆಚ್ಚು ಬದಲಾಗುವುದಿಲ್ಲ. ಹೆಚ್ಚಿನ ವಸ್ತುಗಳು ಕರಗುವಾಗ ಹಿಗ್ಗುವುದರಿಂದ ಒತ್ತಡ ಅವುಗಳನ್ನು ಘನವಾಗಿಯೇ ಉಳಿಯುವಂತೆ ಒತ್ತಾಯಿಸುತ್ತದೆ. ಭೂಮಿಯ ಒಡಲಲ್ಲಿ ಇದಕ್ಕೆ ಭವ್ಯವಾದ ನಿದರ್ಶನವಿದೆ. 1936ರಲ್ಲಿ ಭೂಕಂಪವಿಜ್ಞಾನಿ ಇಂಗೆ ಲೆಹ್ಮನ್ ಭೂಕಂಪದ ಅಲೆಗಳಿಂದ ಗುರುತಿಸಿದ, ಭೂಮಿಯ ನಟ್ಟನಡುವಿನ ಒಳತಿರುಳಿನ ತಾಪಮಾನ 5,000 ಡಿಗ್ರಿಗೂ ಹೆಚ್ಚೆಂದು ಅಂದಾಜಿದ್ದರೂ ಅಲ್ಲಿನ ಕಬ್ಬಿಣ ಘನವಾಗಿದೆ. ಅದಕ್ಕಿಂತ ಕಡಿಮೆ ಬಿಸಿಯಾದ ಹೊರತಿರುಳು ದ್ರವವಾಗಿದೆ. ಒಳಗೆ ಹೋದಂತೆ ಏರುವ, ವಾತಾವರಣದ ಮೂವತ್ತು ಲಕ್ಷ ಪಟ್ಟಿಗೂ ಮೀರಿದ ಒತ್ತಡ ಇದಕ್ಕೆ ಕಾರಣ. ನೀರು ಈ ವಿಷಯದಲ್ಲಿ ಅಪವಾದ. ಮಂಜುಗಡ್ಡೆಯಲ್ಲಿ ಅಣುಗಳು ನಡುವೆ ತೆರವು ಬಿಟ್ಟು ಜೋಡಿಸಿಕೊಳ್ಳುವುದರಿಂದ ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಾಗಾಗಿ ಒತ್ತಡ ಹೇರಿದರೆ ಮಂಜುಗಡ್ಡೆ ತುಸು ಕಡಿಮೆ ತಾಪಮಾನದಲ್ಲಿ ಕರಗುತ್ತದೆ, ಆದರೆ ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡಕ್ಕೆ ಇಳಿಕೆ ಒಂದು ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಿಮದ ಮೇಲೆ ಸ್ಕೇಟ್ ಜಾರುವುದು ದೇಹದ ಭಾರದಿಂದ ಮಂಜು ಕರಗುವುದರಿಂದ ಎಂದು ಹಲವು ಪುಸ್ತಕಗಳಲ್ಲಿ ಬರೆದಿರುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ. ಘರ್ಷಣೆಯ ಶಾಖ ಮತ್ತು ಮಂಜಿನ ಮೇಲ್ಮೈಯಲ್ಲಿ 0 ಡಿಗ್ರಿಗಿಂತ ಕೆಳಗೂ ಇರುವ ಸಡಿಲ ಅಣುಗಳ ತೆಳುಪದರ ಅದಕ್ಕೆ ಹೆಚ್ಚು ಒಪ್ಪುವ ಕಾರಣಗಳು.

ಪಾಠದಲ್ಲಿರುವ ಸಾಫು ಗೆರೆಗಳು ಎಲ್ಲ ವಸ್ತುಗಳಿಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಶುದ್ಧ ಸ್ಫಟಿಕಗಳಿಗೆ ಮಾತ್ರ ಖಚಿತವಾದ ಕರಗುವ ಬಿಂದು ಇರುತ್ತದೆ. ಮೇಣ ಹಲವು ಅಣುಗಳ ಮಿಶ್ರಣವಾದ್ದರಿಂದ ಹಂತಹಂತವಾಗಿ ಮೆತ್ತಗಾಗುತ್ತದೆ. ಗಾಜಿನಲ್ಲಿ ಕಣಗಳ ಸಾಲುಕಟ್ಟೇ ಇಲ್ಲ, ಆದ್ದರಿಂದ ಅದು ಯಾವ ಗಳಿಗೆಯಲ್ಲಿ ಕರಗಿತು ಎಂದು ಬೊಟ್ಟು ಮಾಡಲಾಗದು. ಅತ್ತ ಶುದ್ಧ ನೀರು ಕೂಡ 0 ಡಿಗ್ರಿ ಮುಟ್ಟಿದೊಡನೆ ಹೆಪ್ಪುಗಟ್ಟಲೇಬೇಕೆಂದಿಲ್ಲ. ಸ್ಫಟಿಕ ಬೆಳೆಯಲು ಮೊದಲೊಂದು ಬೀಜ ಬೇಕು, ಧೂಳಿನ ಕಣವೋ ಪಾತ್ರೆಯ ಗೀರೋ ಆ ಬೀಜಕ್ಕೆ ನೆಲೆಯಾಗುತ್ತದೆ. ಅಂಥದೇನೂ ಸಿಗದ ಅತಿಸೂಕ್ಷ್ಮ ಹನಿಗಳು ಮೋಡಗಳಲ್ಲಿ ಮೈನಸ್ 35 ಡಿಗ್ರಿಯ ಆಸುಪಾಸಿನಲ್ಲೂ ದ್ರವವಾಗಿಯೇ ಇರಬಲ್ಲವು.

ಇನ್ನು ನುಸಿಗುಳಿಗೆ. ಅದನ್ನು ಮಾಡಿರುವುದು ನ್ಯಾಫ್ತಲೀನ್ ಎಂಬ ವಸ್ತುವಿನಿಂದ. ಅದರ ಘನರೂಪದ ಮೇಲ್ಮೈಯಲ್ಲೂ, ನೀರಿನ ಮೇಲ್ಮೈಯಲ್ಲಿ ಇರುವಂತೆಯೇ, ಸರಾಸರಿಗಿಂತ ಹೆಚ್ಚು ಶಕ್ತಿ ಪಡೆದ ಕೆಲವು ಅಣುಗಳು ಇದ್ದೇ ಇರುತ್ತವೆ. ಅದರ ಅಣುಗಳ ನಡುವಿನ ಸೆಳೆತ ದುರ್ಬಲವಾದ ಕಾರಣ ಅಂಥವು ನೇರವಾಗಿ ಗಾಳಿಗೆ ಹಾರುತ್ತವೆ. ಕಪಾಟು ತೆರೆದಾಗ ಬರುವ ವಾಸನೆ ಆ ಅಣುಗಳದ್ದೇ. ಘನವು ದ್ರವವಾಗದೆ ಅನಿಲವಾಗುವ ಈ ಕ್ರಿಯೆಗೆ ಉತ್ಪತನ ಎಂದು ಹೆಸರು. ಹಿಮ ಬೀಳುವ ನಾಡುಗಳಲ್ಲಿ ಹೆಪ್ಪುಗಟ್ಟಿ ಸೆಟೆದ ಒದ್ದೆ ಬಟ್ಟೆಯೂ ಇದೇ ರೀತಿ ಒಣಗುತ್ತದೆ. ಆದರೆ ನ್ಯಾಫ್ತಲೀನ್ ದ್ರವವಾಗುವುದೇ ಇಲ್ಲ ಎಂದು ಮಗಳಿಗೆ ಹೇಳಬೇಡಿ: 80 ಡಿಗ್ರಿಗೆ ಅದು ನೀರಿನಂತೆ ಕರಗುತ್ತದೆ. ಅಯೋಡಿನ್ ಕೂಡ ಹಾಗೆಯೇ, ಅದು ಕರಗುವುದು ಸುಮಾರು 114 ಡಿಗ್ರಿಯಲ್ಲಿ.

ತೆರೆದ ಗಾಳಿಯಲ್ಲಿ ನಿಜಕ್ಕೂ ದ್ರವವಾಗಲಾರದ ವಸ್ತು ಇಂಗಾಲದ ಡೈಆಕ್ಸೈಡ್. ಅದರ ತ್ರಿಕಬಿಂದು ಇರುವುದು ವಾತಾವರಣದ ಐದು ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ. ಅದಕ್ಕಿಂತ ಕಡಿಮೆ ಒತ್ತಡದಲ್ಲಿ ದ್ರವಸ್ಥಿತಿಗೆ ಎಡೆಯೇ ಇಲ್ಲದ ಕಾರಣ ಅದರ ಘನರೂಪವಾದ ಒಣಮಂಜು ಮೈನಸ್ 78.5 ಡಿಗ್ರಿಯಲ್ಲಿ ನೇರವಾಗಿ ಅನಿಲವಾಗುತ್ತದೆ. ಅದೇ ವಸ್ತು ಬೆಂಕಿ ಆರಿಸುವ ಸಿಲಿಂಡರಿನೊಳಗೆ, ಭಾರಿ ಒತ್ತಡದ ಅಡಿಯಲ್ಲಿ, ಕೋಣೆಯ ತಾಪಮಾನದಲ್ಲೇ ದ್ರವವಾಗಿರುತ್ತದೆ. ಅದಕ್ಕೂ ಒಂದು ಮಿತಿಯುಂಟು. 31 ಡಿಗ್ರಿ ದಾಟಿದ ಮೇಲೆ ಎಷ್ಟೇ ಒತ್ತಿದರೂ ಅದರಲ್ಲಿ ದ್ರವ ಬೇರೆ, ಅನಿಲ ಬೇರೆ ಎಂಬ ಭೇದವೇ ಕಾಣುವುದಿಲ್ಲ, ಎರಡರ ನಡುವಿನ ಮೇಲ್ಮೈ ಅಳಿಸಿಹೋಗುತ್ತದೆ. ರಸಾಯನವಿಜ್ಞಾನಿ ಥಾಮಸ್ ಆಂಡ್ರೂಸ್ 1869ರಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟು ಕ್ರಾಂತಿಕ ಬಿಂದು ಎಂಬ ಕಲ್ಪನೆಯನ್ನು ನೆಲೆಗೊಳಿಸಿದರು. ನೀರಿಗೆ ಆ ಬಿಂದು 374 ಡಿಗ್ರಿ. ಘನ, ದ್ರವ, ಅನಿಲ ಎಂಬ ಮೂರು ಕೋಣೆಗಳ ನಡುವಿನ ಗೋಡೆಗಳಲ್ಲಿ ಒಂದು ಗೋಡೆ ಅರ್ಧಕ್ಕೇ ನಿಂತಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಕೊನೆಯದಾಗಿ, ಬ್ಲ್ಯಾಕ್ ಅವರ ಪ್ರಯೋಗವನ್ನು ಮಗಳ ಕೈಯಿಂದಲೇ ಮಾಡಿಸಿ. ಪುಡಿಮಾಡಿದ ಮಂಜುಗಡ್ಡೆಯನ್ನು ಲೋಟದಲ್ಲಿ ತುಂಬಿ, ಥರ್ಮಾಮೀಟರಿನ ತುದಿ ನಡುವೆ ಇರುವಂತೆ ಇಟ್ಟು, ಆಗಾಗ ಕಲಕುತ್ತ, ಐದು ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಂಡು ನಕ್ಷೆ ಎಳೆಯಲಿ. ಮಂಜಿನ ಕೊನೆಯ ಚೂರು ಕರಗುವವರೆಗೂ ಗೆರೆ 0ಯ ಬಳಿ ಮಟ್ಟಸವಾಗಿ ಸಾಗಿ, ಆಮೇಲಷ್ಟೇ ಮೇಲಕ್ಕೆ ಏರುವುದನ್ನು ಅವಳೇ ಕಾಣುತ್ತಾಳೆ. ಇದಕ್ಕೆ ಪ್ರಯೋಗಶಾಲೆಯ ಥರ್ಮಾಮೀಟರನ್ನೇ ಬಳಸಿ. ಜ್ವರ ನೋಡುವ ಥರ್ಮಾಮೀಟರಿನ ಮಾಪನ 35 ಡಿಗ್ರಿಯ ಸುಮಾರಿಗೆ ಆರಂಭವಾಗುವುದರಿಂದ ಮಂಜುಗಡ್ಡೆಯಲ್ಲಿ ಅದು ಏನನ್ನೂ ತೋರಿಸುವುದಿಲ್ಲ. ಗಾಜಿನದಾದರೆ, ಕುದಿಯುವ ನೀರಿಗೆ ಹಾಕಿದಾಗ ಒಡೆದು ಪಾದರಸ ಚೆಲ್ಲುವ ಅಪಾಯವಿದೆ.